ನದಿಯಾಚೆಯ ಗಂಡುಬಳ್ಳಿ

ಡೆನ್ಜಿಲ್ ಪರ್ಟನ್ ತನ್ನ ತೋಟದ ಹಾಪ್ಸ್ ಹಾಕಿ ಮಾಡಿದ ಬಿಯರನ್ನು ಮೊದಲ ಸಲ ಕುಡಿದಾಗ ಅವನಿಗೆ ಅರವತ್ತು ಹತ್ತಿರವಾಗಿತ್ತು. ಕುಡಿಸಿದವಳು ನಾನು. ಅಲ್ಲಿಯವರೆಗೆ, ಅವನ ಅಪ್ಪನ ಕಾಲದಿಂದಲೂ, ಬಿಯರಿಗೆ ಕಹಿ, ಘಮ ಕೊಡುವ ಆ ಹಾಪ್ಸ್ ಹೂ ಒಣಗಿ ಆಳೆತ್ತರದ ಗೋಣಿಮೂಟೆಗಳಲ್ಲಿ ಲಾರಿ ಹತ್ತಿ ಹೋಗುತ್ತಿತ್ತು. ಯಾವ ಊರಿಗೆ, ಯಾವ ಹಂಡೆಗೆ, ಯಾರ ಗಂಟಲಿಗೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ನಾನು ಹೆದ್ದಾರಿ ಪಕ್ಕದ ಹಳೆಯ ಸೇಬಿನ ಗೋದಾಮಿನಲ್ಲಿ ಬಿಯರ್ ಮಾಡಲು ಶುರುಮಾಡಿದ ವರ್ಷ ಅವನ ಹತ್ತಿರ ಹೋಗಿ ಎರಡು ಮೂಟೆ ಕೊಡು ಎಂದಿದ್ದೆ. ಬಿಯರ್ ತಯಾರಾದ ಮೇಲೆ ಒಂದು ಬಾಟಲಿ ಹಿಡಿದು ಅವನ ಅಡುಗೆಮನೆಗೆ ಹೋದೆ. ಒಂದು ಗುಟುಕು ಕುಡಿದ. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದ. ಇನ್ನೊಂದು ಗುಟುಕು ಕುಡಿದ.

“ಹೆಂಗಿದೆ?” ಎಂದೆ.

“ನಮ್ಮ ಒಣಗೂಡಿನ ಅಟ್ಟದ ವಾಸನೆ ಬರ್ತಿದೆ.”

“ಇದು ಹೊಗಳಿಕೆನೋ ಬೈಗುಳಾನೋ?”

“ವಾಸನೆ ಕಣಮ್ಮ ನೆರಿಡಾ. ಅಷ್ಟೇ.”

ಆದರೆ ಆ ಬಾಟಲಿಯನ್ನು ತೊಳೆದು ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡ. ಅವನ ಮನೆಯಲ್ಲಿ ಅಂದಕ್ಕೆಂದು ಇಟ್ಟ ವಸ್ತು ಅದೊಂದೇ ಇದ್ದೀತು.

ಡೆನ್ಜಿಲ್ ಹುಟ್ಟಿದ್ದು ಆ ಮನೆಯಲ್ಲೇ, ಡರ್ವೆಂಟ್ ನದಿಯ ದಂಡೆಯಲ್ಲಿ. ಅವನು ಚಿಕ್ಕವನಿದ್ದಾಗ, ನಮ್ಮಲ್ಲಿ ಬೇಸಿಗೆ ಮುಗಿಯುವ ಮಾರ್ಚ್ ತಿಂಗಳು ಬಂತೆಂದರೆ, ಹೋಬಾರ್ಟ್ ಪಟ್ಟಣದಿಂದ ಮನೆಮಂದಿಯೆಲ್ಲ ಹಾಸಿಗೆ, ಬಾಣಲೆ, ಕೈಗೂಸು ಸಮೇತ ಹಾಪ್ಸ್ ಬಿಡಿಸಲು ಬರುತ್ತಿದ್ದರಂತೆ. ತೋಟದ ತುದಿಯ ಹಲಗೆ ಗುಡಿಸಲುಗಳಲ್ಲಿ ಇಳಿದುಕೊಂಡು ಮೂರು ವಾರ ಬಿಡಿಸಿ, ಬೆರಳೆಲ್ಲ ಕಪ್ಪು ಮಾಡಿಕೊಂಡು ಹೋಗುತ್ತಿದ್ದರು. ಆಮೇಲೆ ಯಂತ್ರ ಬಂತು, ಗುಡಿಸಲುಗಳಲ್ಲಿ ಕೋಳಿ ಸೇರಿಕೊಂಡವು. ಇನ್ನೂ ಆಮೇಲೆ ಕಣಿವೆಯ ಸಣ್ಣ ತೋಟದವರೆಲ್ಲ ಒಬ್ಬೊಬ್ಬರಾಗಿ ಬಳ್ಳಿ ಕಿತ್ತು ಕುರಿ ಮೇಯಿಸಿದರು, ಚೆರ್ರಿ ಹಾಕಿದರು. ಪರ್ಟನ್ ತೋಟವೊಂದು ಉಳಿಯಿತು. ಅದು ಉಳಿದದ್ದು ಡೆನ್ಜಿಲ್‌ನ ಹಟಮಾರಿತನದಿಂದ ಎಂದು ಜನ ಹೇಳುತ್ತಾರೆ. ನಿಜ ಹೇಳಬೇಕೆಂದರೆ ಅದು ಉಳಿದದ್ದು ಅವನ ತಂಗಿ ಎನಿಡ್‌ಳಿಂದ.

ಅಪ್ಪ ಅಮ್ಮ ಹೋದ ಮೇಲೆ ಅಣ್ಣ ತಂಗಿ ಇಬ್ಬರೇ ಆ ಮನೆಯಲ್ಲಿ ಉಳಿದರು. ಇಬ್ಬರಿಗೂ ಮದುವೆಯಾಗಲಿಲ್ಲ. ಏಕೆ ಆಗಲಿಲ್ಲ ಎಂದು ಕೇಳಿದರೆ ಹೇಳುವಂಥ ಕಾರಣವೂ ಇರಲಿಲ್ಲ. ಒಂದು ಕೊಯ್ಲಾದ ಮೇಲೆ ಇನ್ನೊಂದು ಕೊಯ್ಲು ಬಂತು, ಅಷ್ಟೆ. ಹೊಲ ಅವನದು, ಕೆಳಗೆ ಬೆಂಕಿ ಹಾಕಿ ಮೇಲೆ ಅಟ್ಟದಲ್ಲಿ ಹೂ ಒಣಗಿಸುವ ಒಣಗೂಡು ಅವಳದು. ಹಾಪ್ಸ್ ಬೆಳೆಯುವುದು ಎಷ್ಟು ಕಷ್ಟವೋ ಒಣಗಿಸುವುದು ಅಷ್ಟೇ ಕಷ್ಟ. ಬಿಸಿ ಒಂದಿಷ್ಟು ಹೆಚ್ಚಾದರೆ ಹೂ ಕಂದಿ ಹುಲ್ಲಾಗುತ್ತದೆ, ಕಡಿಮೆಯಾದರೆ ಮೂಟೆಯೊಳಗೇ ಬೂಷ್ಟು ಹಿಡಿಯುತ್ತದೆ. ಎನಿಡ್ ಗೂಡಿನ ಅಟ್ಟದ ಮೇಲೆ ಬರಿಗಾಲಲ್ಲಿ ಓಡಾಡುತ್ತ, ಮೊಣಕೈವರೆಗೆ ಹೂವಿನ ರಾಶಿಯೊಳಗೆ ತೋಳು ತೂರಿಸಿ, “ಇನ್ನೂ ಸ್ವಲ್ಪ” ಅನ್ನುವಳು, ಇಲ್ಲವೆ “ಸಾಕು, ಆರಿಸು” ಅನ್ನುವಳು. ಡೆನ್ಜಿಲ್ ಕೆಳಗೆ ಬೆಂಕಿಯ ಬಳಿ ನಿಂತು ಅವಳು ಹೇಳಿದಂತೆ ಮಾಡುವನು. ದಿನವಿಡೀ ಅವರಿಬ್ಬರ ನಡುವೆ ನಡೆಯುತ್ತಿದ್ದ ಮಾತು ಹೆಚ್ಚುಕಡಿಮೆ ಇಷ್ಟೇ. ಇಬ್ಬರಿಗೂ ಅದು ಸಾಕಾಗಿದೆ ಎಂದು ಡೆನ್ಜಿಲ್ ತಿಳಿದಿದ್ದ.

ಶಾಲೆಯ ಬಸ್ಸು ಓಡಿಸುತ್ತಿದ್ದ ಲೈಲ್ ಹಾಡ್ಜ್ ಎಂಬ ವಿಧುರನೊಬ್ಬ ಒಂದು ಬೇಸಿಗೆಯಲ್ಲಿ ಎಂಜಿನ್ ಕಾದು ಬಸ್ಸು ನಿಂತಾಗ ಅವರ ಮನೆಗೆ ನೀರು ಕೇಳಲು ಬಂದ. ಆಮೇಲೆ ಎಂಜಿನ್ ಕಾಯದಿದ್ದಾಗಲೂ ಬಂದ. ಎನಿಡ್‌ಗೆ ಆಗ ಐವತ್ತು ದಾಟಿತ್ತು. ಒಂದು ಸಂಜೆ ಹುರಿದ ಕುರಿಮಾಂಸ, ಬೇಯಿಸಿದ ಆಲೂಗಡ್ಡೆ ಬಡಿಸುತ್ತ ಅವಳು, “ಲೈಲ್‌ನ ಮದುವೆ ಆಗ್ತಾ ಇದೀನಿ, ಡೆನ್. ಮಾರ್ಚ್ ಮೊದಲನೇ ಶನಿವಾರ,” ಎಂದಳು.

ಡೆನ್ಜಿಲ್ ತಟ್ಟೆಯಿಂದ ತಲೆಯೆತ್ತಿ ಕೇಳಿದ್ದು ಒಂದೇ: “ಕೊಯ್ಲಿನ ವಾರದಲ್ಲಾ?”

“ಚರ್ಚು ಖಾಲಿ ಇರೋದು ಅವತ್ತೇ. ಹುಣಸೇಹಣ್ಣು ಮುಖ ಮಾಡ್ಬೇಡ. ಒಂದು ದಿನದ ಮಟ್ಟಿಗೆ ನಿಲ್ಸಿದ್ರೆ ಆಗತ್ತೆ.”

ಅವನು ಕೊಯ್ಲು ನಿಲ್ಲಿಸಲಿಲ್ಲ. ಅವಳು ಪೆಟ್ಟಿಗೆ ಹಿಡಿದು ಲೈಲ್‌ನ ಕಾರು ಹತ್ತಲು ಹೊರಟಾಗ ಡೆನ್ಜಿಲ್ ಅಂಗಳದಾಚೆ ಟ್ರ್ಯಾಕ್ಟರಿನ ಮೇಲೆ ಕೂತಿದ್ದ. ಅವಳು ಬೇಲಿಯವರೆಗೆ ಬಂದು ನಿಂತಳು. ಅವನು ನೋಡಿದ. ಎಂಜಿನ್ ಮಾತ್ರ ಆರಿಸಲಿಲ್ಲ. ಸ್ವಲ್ಪ ಹೊತ್ತು ನಿಂತು ಅವಳು ಹೊರಟುಹೋದಳು. ಆ ವಾರ ಗೂಡಿನಲ್ಲಿ ಒಣಗಿಸಿದ ಹೂವೆಲ್ಲ ಕಂದಿಹೋಯಿತು. ಅವಳು ಹೋಗಿದ್ದು ಬಹಳ ದೂರಕ್ಕೇನೂ ಅಲ್ಲ. ಸೇತುವೆ ದಾಟಿ, ನದಿಯ ಆಚೆ ದಂಡೆಯಲ್ಲಿ ಕೆಳಗಡೆಗೆ, ಕಾರಿನಲ್ಲಿ ಹಾಡೊಂದು ಮುಗಿಯುವುದರೊಳಗೆ ತಲುಪುವಷ್ಟು ದೂರದಲ್ಲಿ ಲೈಲ್‌ನ ಮನೆ.

ಆಮೇಲೆ ಅವನು ಅವಳ ಹೆಸರೆತ್ತಲಿಲ್ಲ. ನಾವು ಎತ್ತಲೂ ಬಿಡಲಿಲ್ಲ. ಅಂಗಡಿಯ ಗಾರ್ತ್ ಒಮ್ಮೆ, “ನಿನ್ನ ತಂಗಿ ಬೆಳಿಗ್ಗೆ ಬಂದಿದ್ಲು, ಚೆನ್ನಾಗಿ ಮೈಕೈ ತುಂಬ್ಕೊಂಡಿದಾಳೆ ಕಣಯ್ಯ,” ಎಂದನಂತೆ. ಡೆನ್ಜಿಲ್ ಕೈಯಲ್ಲಿದ್ದ ಬ್ರೆಡ್ಡು, ಹಾಲಿನ ಬಾಟಲಿ ಎರಡನ್ನೂ ಗಲ್ಲಾದ ಮೇಲಿಟ್ಟು ಬರಿಗೈಯಲ್ಲಿ ಹೊರಟುಹೋದ. ವಾರಗಟ್ಟಲೆ ಆ ಅಂಗಡಿ ಮೆಟ್ಟಲಿಲ್ಲ. ಸಣ್ಣ ಊರಿನಲ್ಲಿ ಇಂಥದ್ದೆಲ್ಲ ಬೇಗ ರೂಢಿಯಾಗುತ್ತದೆ. ಡೆನ್ಜಿಲ್ ಒಳಗೆ ಬಂದರೆ ಎನಿಡ್‌ಳ ಮಾತು ನಿಲ್ಲುತ್ತಿತ್ತು. ಅವನು ಹೋದರೆ ಬಿಟ್ಟಲ್ಲಿಂದ ಮುಂದುವರಿಯುತ್ತಿತ್ತು. ನಾವು ಇದನ್ನು ಮರ್ಯಾದೆ ಅಂದುಕೊಂಡಿದ್ದೆವು.

ನಾನು ಅವನ ಮನೆಗೆ ಹೋಗಿಬರಲು ಶುರುಮಾಡಿದ ಹೊತ್ತಿಗೆ ಹೀಗೆ ಕೆಲವು ವರ್ಷ ಕಳೆದಿತ್ತು. ಅವನು ಊಟವನ್ನು ನಿಂತುಕೊಂಡೇ ಮಾಡುತ್ತಿದ್ದ, ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ, ಬಾಣಲೆಯಿಂದಲೇ. ಮೇಜಿನ ಮೇಲೆ ಹುರಿಯ ಉಂಡೆಗಳು, ಗ್ರೀಸು ಡಬ್ಬ, ಹಳೆ ದಿನಪತ್ರಿಕೆ ಹರಡಿಕೊಂಡಿದ್ದವು. ಕೂರಲು ಎರಡು ಕುರ್ಚಿ ಇದ್ದವು. ಒಂದರ ಮೇಲೆ ಯಾವಾಗಲೂ ಅವನ ಕೋಟು. ಸಾಕಿದ್ದ ನಾಯಿ ಸತ್ತ ಮೇಲೆ ಇನ್ನೊಂದು ನಾಯಿ ತಂದಿರಲಿಲ್ಲ. “ಯಾಕೆ?” ಎಂದರೆ, “ನನಗಿಂತ ಜಾಸ್ತಿ ದಿನ ಬದುಕಿಬಿಟ್ರೆ ಅದಕ್ಯಾರು?” ಎಂದ. ವಸಂತದಲ್ಲಿ ಹಾಪ್ಸ್ ಬಳ್ಳಿಗೆ ಎತ್ತರದ ತಂತಿಯಿಂದ ತೆಂಗಿನ ನಾರಿನ ಹುರಿ ಕಟ್ಟುವುದು ಇಬ್ಬರ ಕೆಲಸ. ಒಬ್ಬರು ಮೇಲೆ ಗಾಡಿಯಲ್ಲಿ ನಿಂತು ಬಿಗಿಯಬೇಕು, ಒಬ್ಬರು ಕೆಳಗೆ ನೆಲಕ್ಕೆ ಸಿಕ್ಕಿಸಬೇಕು. ಅವನು ಮೇಲೆ ಹತ್ತಿ ಬಿಗಿದು, ಇಳಿದು ಸಿಕ್ಕಿಸಿ, ಮತ್ತೆ ಹತ್ತಿ, ಸೆಪ್ಟೆಂಬರಿಡೀ ಒಬ್ಬನೇ ಹತ್ತಿಳಿಯುತ್ತಿದ್ದ. ನಾನು ಸಹಾಯಕ್ಕೆ ಹೋದರೆ ಬೇಡ ಅನ್ನುತ್ತಿರಲಿಲ್ಲ. ಬಾ ಅಂತಲೂ ಅನ್ನುತ್ತಿರಲಿಲ್ಲ.

ಲೈಲ್ ಹಾಡ್ಜ್ ತೀರಿಕೊಂಡ ಚಳಿಗಾಲದಲ್ಲೂ ಡೆನ್ಜಿಲ್ ಆ ಕಡೆ ಹೋಗಲಿಲ್ಲ.

ಮರುವರ್ಷದ ಫೆಬ್ರವರಿ ಕೊನೆಯಲ್ಲಿ, ಕೊಯ್ಲಿಗೆ ಇನ್ನು ಕೆಲವೇ ದಿನ ಇರುವಾಗ, ಹೂ ಹೇಗಿದೆ ನೋಡೋಣವೆಂದು ನಾನು ತೋಟಕ್ಕೆ ಹೋದೆ. ಬಳ್ಳಿಗಳು ತಂತಿ ಮುಟ್ಟಿ ಮತ್ತೆ ಕೆಳಕ್ಕೆ ಜೋತುಬಿದ್ದಿದ್ದವು. ಡೆನ್ಜಿಲ್ ಹೆಬ್ಬೆರಳಿನಷ್ಟು ದೊಡ್ಡ ಹಸಿರು ಹೂವೊಂದನ್ನು ಕಿತ್ತು, ಉಗುರಿನಿಂದ ಉದ್ದಕ್ಕೆ ಸೀಳಿದ. ಒಳಗೆ ಹಳದಿ ಪುಡಿ ಇರಬೇಕು. ಇತ್ತು. ಆದರೆ ಅವನು ಅದನ್ನು ಮೂಸಿ ನೋಡಲಿಲ್ಲ. ಇನ್ನೊಂದು ಕಿತ್ತ. ಮತ್ತೊಂದು. ಕನ್ನಡಕ ಹುಡುಕಿ ಹಾಕಿಕೊಂಡ. ಆಮೇಲೆ ಒಂದನ್ನು ನನ್ನ ಅಂಗೈಗೆ ಹಾಕಿ, “ಉಜ್ಜು,” ಎಂದ.

ಉಜ್ಜಿದೆ. ಬೆರಳ ಸಂದಿಯಲ್ಲಿ ರಾಗಿಕಾಳಿನಂಥದ್ದೇನೋ ಗಟ್ಟಿಯಾಗಿ ಉರುಳಿತು.

“ಬೀಜ!” ಎಂದೆ.

“ಹೂಂ. ಬೀಜ.”

ಹಾಪ್ಸಿನಲ್ಲಿ ಗಂಡುಬಳ್ಳಿ ಬೇರೆ, ಹೆಣ್ಣುಬಳ್ಳಿ ಬೇರೆ. ನಮಗೆ ಬೇಕಾದದ್ದು ಹೆಣ್ಣಿನ ಹೂ ಮಾತ್ರ, ಅದೂ ಬೀಜ ಕಟ್ಟದ ಹೂ. ಬೀಜ ಕಟ್ಟಿದರೆ ಘಮ ಇಳಿಯುತ್ತದೆ, ಒಣಗಿಸುವಾಗ ಹೂ ಪುಡಿಪುಡಿಯಾಗುತ್ತದೆ, ಬಿಯರಿಗೆ ಒಂದು ತರಹದ ಜಿಡ್ಡು ರುಚಿ ಹತ್ತುತ್ತದೆ. ಅದಕ್ಕೇ ಹಾಪ್ಸ್ ಬೆಳೆಯುವವರು ಗಂಡುಬಳ್ಳಿ ಎಲ್ಲಿ ಹುಟ್ಟಿದರೂ ಅಗೆದು ಎಸೆಯುತ್ತಾರೆ. ಒಂದೇ ಒಂದು ಗಂಡು ಸಾಕು, ಗಾಳಿಯಲ್ಲಿ ಅದರ ಧೂಳು ಮೈಲಿಗಟ್ಟಲೆ ಹೋಗುತ್ತದೆ. ಪರ್ಟನ್ ತೋಟದಲ್ಲಿ ಎಷ್ಟೋ ವರ್ಷಗಳಿಂದ ಬೀಜ ಅನ್ನುವುದನ್ನು ಕಂಡವರಿರಲಿಲ್ಲ.

ಮರುದಿನದಿಂದಲೇ ಡೆನ್ಜಿಲ್ ಗಂಡುಬಳ್ಳಿ ಹುಡುಕಲು ಹೊರಟ. ಮೊದಲು ತನ್ನ ತೋಟದ ಸಾಲು ಸಾಲನ್ನೂ ನೋಡಿದ. ಆಮೇಲೆ ಮುಳ್ಳುಬೇಲಿಗಳು, ಹಳೆ ತೋಟಗಳ ಮೂಲೆಗಳು, ನದಿಯ ದಡದ ಪೊದೆಗಳು. ನಾನೂ ಜೊತೆಗೆ ಹೋದೆ; ಆ ಹೂ ನನ್ನ ಹಂಡೆಗೆ ಬರಬೇಕಾದದ್ದು. ಗಂಡಿನ ಹೂ ಜನವರಿಗೇ ಉದುರಿ ಮುಗಿದಿರುತ್ತದೆ. ಹಾಗಾಗಿ ನಾವು ಹುಡುಕಬೇಕಾಗಿದ್ದು ಎಲೆ ತುಂಬಿದ್ದರೂ ಒಂದೂ ಹೂವಿಲ್ಲದ ಬಳ್ಳಿಯನ್ನು.

ಅಂಗಡಿಯಲ್ಲಿ ಗಾರ್ತ್‌ಗೆ ಹಬ್ಬವಾಗಿಹೋಯಿತು. “ಏನ್ ಡೆನ್ಜಿಲ್, ನಿನ್ನ ಹೆಣ್ಣುಮಕ್ಕಳೆಲ್ಲ ಒಂದೇ ಸಲಕ್ಕೆ ಬಸುರಂತೆ?”

“ಬಾಯ್ಮುಚ್ಕೊಂಡು ಬ್ರೆಡ್ ಕೊಡು.”

“ಅಲ್ಲಪ್ಪಾ, ಮನೆ ಹೆಣ್ಣುಗಳನ್ನ ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದೋನು ನೀನು. ಅಳಿಯ ಯಾರು ಅಂತಾದ್ರೂ ಗೊತ್ತಾಯ್ತಾ?”

“ಸಿಗ್ತಾನೆ. ಸಿಕ್ಕಿದ ದಿನ ಬುಡಸಮೇತ ಕೀಳ್ತೀನಿ,” ಎಂದ ಡೆನ್ಜಿಲ್. ಅವನು ತಮಾಷೆಗೆ ತಮಾಷೆ ಹೇಳಿದ್ದನ್ನು ನಾನು ಕೇಳಿದ್ದೇ ಅಪರೂಪ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಗುತ್ತ ನಗುತ್ತ ಗಾರ್ತ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇಬ್ಬರೂ ಒಂದೇ ವಿಷಯ ಯೋಚಿಸುತ್ತಿದ್ದೆವು ಅನ್ನಿಸುತ್ತದೆ.

ಏಕೆಂದರೆ ಬೀಜ ಹೆಚ್ಚಾಗಿ ಕಟ್ಟಿದ್ದು ತೋಟದ ಕೆಳಗಿನ ಸಾಲುಗಳಲ್ಲಿ, ನದಿಯ ಕಡೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಕಡಲಗಾಳಿ ಕಣಿವೆಯ ಕೆಳಗಿನಿಂದ ಮೇಲಕ್ಕೆ, ನೀರಿನ ಮೇಲೆ ಹಾದು ಬರುತ್ತದೆ. ನಾವು ಈಚೆ ದಂಡೆಯನ್ನೆಲ್ಲ ಜಾಲಾಡಿದ್ದಾಗಿತ್ತು. ಉಳಿದದ್ದು ಎನಿಡ್ ಇದ್ದ ಆಚೆ ದಂಡೆ. ಇದು ನನಗೆ ಹೊಳೆದಿತ್ತೆಂದರೆ ಡೆನ್ಜಿಲ್‌ಗೆ ಮೊದಲ ದಿನವೇ ಹೊಳೆದಿರಬೇಕು. ಆದರೂ ಪ್ರತಿ ಸಲ ಸೇತುವೆಯ ಹತ್ತಿರ ಬಂದಾಗ, “ಇನ್ನೊಂದು ಸಲ ಆ ಪೋಪ್ಲರ್ ಮರದ ಸಾಲು ನೋಡೋಣ,” ಎಂದು ಗಾಡಿ ತಿರುಗಿಸಲು ಹೇಳುತ್ತಿದ್ದ.

ನಾಲ್ಕನೆಯ ಬಾರಿಯೋ ಐದನೆಯ ಬಾರಿಯೋ ನಾನು ತಿರುಗಿಸಲಿಲ್ಲ. ಸೇತುವೆ ದಾಟಿದೆ. ಅವನು ಕಿಟಕಿಯಾಚೆ ನೀರು ನೋಡುತ್ತ ಕೂತ. ಹಿಂದೆ ಗಾಡಿಯಲ್ಲಿ ಗುದ್ದಲಿ ಕುಲುಕಾಡುತ್ತಿತ್ತು.

ಲೈಲ್‌ನ ಮನೆ ರಸ್ತೆಯಿಂದಲೇ ಕಾಣುತ್ತದೆ. ತಗಡಿನ ಮಾಡು, ಪಡುವಣ ದಿಕ್ಕಿಗೆ ಜಗುಲಿ. ಆ ಜಗುಲಿಯ ಕಂಬದಿಂದ ಕಂಬಕ್ಕೆ, ಮಾಡಿನ ಅಂಚಿನವರೆಗೂ, ಹಾಪ್ಸ್ ಬಳ್ಳಿ ಹಬ್ಬಿತ್ತು. ಎಲೆ ಎಂದರೆ ಎಲೆ. ಒಂದು ಹೂವಿಲ್ಲ. ಅಲ್ಲಲ್ಲಿ ಒಣಗಿದ ಕಂದು ಎಳೆಗಳು ಮಾತ್ರ ಜೋತಾಡುತ್ತಿದ್ದವು.

ಡೆನ್ಜಿಲ್ ಗಾಡಿ ಇಳಿದು ಗೇಟು ತಳ್ಳಿ ಸರಸರ ನಡೆದ. ಜಗುಲಿಯ ನೆರಳಲ್ಲಿ ಬೆತ್ತದ ಕುರ್ಚಿಯಲ್ಲಿ ಎನಿಡ್ ಕೂತಿದ್ದಳು. ಮೊಣಕಾಲ ಮೇಲೆ ಹೊದಿಕೆ. ಅವಳು ಏಳಲಿಲ್ಲ.

“ಇದೇನಿದು ಎನಿಡ್?” ಎಂದ. “ಹಾಪ್ಸ್ ಮನೇಲಿ ಹುಟ್ಟಿದೋಳು ನೀನು. ಗಂಡು ಯಾವುದು ಹೆಣ್ಣು ಯಾವುದು ಗೊತ್ತಿಲ್ವಾ ನಿನಗೆ? ಬೇಕೂಂತ ಬೆಳೆಸಿದೀಯಾ? ನನ್ನ ಮೇಲೆ ಅಷ್ಟು ಸಿಟ್ಟಾ?”

ಎನಿಡ್ ಅವನನ್ನೇ ನೋಡುತ್ತಿದ್ದಳು. ಬಾಯಿ ತೆರೆದಳು, ಮಾತು ತಡವಾಗಿ, ಒಂದು ಪಕ್ಕಕ್ಕೆ ಎಳೆದುಕೊಂಡು ಬಂತು. “ಬೀಜ... ಬಂತಾ?”

“ಬಂತಾ ಅಂತ ಕೇಳ್ತೀಯಲ್ಲ!”

“ಪ್ರತಿ ವರ್ಷ ಕತ್ತರಿಸ್ತಿದ್ದೆ ಡೆನ್. ಡಿಸೆಂಬರಲ್ಲಿ. ಮೊಗ್ಗು ಬಿಡೋಕೆ ಮುಂಚೆ, ಎಲ್ಲ ಕಡ್ಡೀನೂ. ಆಮೇಲೆ ಚಿಗುರಿದ್ದು ಬರೀ ಎಲೆ. ಲೈಲ್ ಏಣಿ ಹಿಡೀತಿದ್ದ.” ಅವಳು ಉಸಿರು ತೆಗೆದುಕೊಂಡಳು. “ಈ ವರ್ಷ ಆಗ್ಲಿಲ್ಲ.”

ಎಡಗೈಯಿಂದ ಹೊದಿಕೆ ಸರಿಸಿದಳು. ಬಲಗೈ ಮಡಿಲಲ್ಲಿ ಅಂಗಾತವಾಗಿ, ಬೆರಳು ಮಡಚಿಕೊಂಡು ಬಿದ್ದಿತ್ತು. ಡಿಸೆಂಬರಿನ ಮೊದಲ ವಾರ ಅವಳಿಗೆ ಪಾರ್ಶ್ವವಾಯು ಬಡಿದಿತ್ತು. ಹೋಬಾರ್ಟಿನ ಆಸ್ಪತ್ರೆಯಲ್ಲಿ ಎರಡು ತಿಂಗಳಿದ್ದು ಬಂದಿದ್ದಳು. ಊರಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿಲ್ಲದಿದ್ದವನು ಡೆನ್ಜಿಲ್ ಒಬ್ಬನೇ.

ಅವನು ಜಗುಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ನಾನು ಚಹಾ ಮಾಡುತ್ತೇನೆಂದು ಒಳಗೆ ಹೋದೆ. ಅಡುಗೆಮನೆ ಕಿಟಕಿ ತೆರೆದಿತ್ತು. ಅವರ ಮಾತು ಕೇಳಿಸುತ್ತಿತ್ತು, ಬಹಳ ಬಿಟ್ಟು ಬಿಟ್ಟು.

“ನನಗ್ಯಾರೂ ಹೇಳ್ಲಿಲ್ಲ.”

“ಹೇಳಿದ್ರೆ ಕೇಳ್ತಿದ್ಯಾ?”

ಮೆಟ್ಟಿಲ ಹಲಗೆ ಕಿರುಗುಟ್ಟಿತು.

“ಗಂಡು ಅಂತ ಗೊತ್ತಿದ್ದೂ ಯಾಕೆ ಇಟ್ಕೊಂಡೆ?”

“ತಂದಾಗ ಗೊತ್ತಿರ್ಲಿಲ್ಲ. ಒಣಗೂಡಿನ ಗೋಡೆ ಬುಡದಲ್ಲಿ ತಾನಾಗೇ ಹುಟ್ಟಿತ್ತು, ಬೆರಳುದ್ದ. ಎಸೀತೀಯ ಅಂತ ಬಿಸ್ಕತ್ತಿನ ಡಬ್ಬೀಲಿ ಹಾಕ್ಕೊಂಡು ಬಂದೆ. ಎರಡು ವರ್ಷ ಆದ್ಮೇಲೆ ಹೂ ನೋಡಿ... ಅಯ್ಯೋ ಇದು ಗಂಡು ಅಂತ ಗೊತ್ತಾಯ್ತು. ಅಷ್ಟೊತ್ತಿಗೆ ಕಂಬ ಹಿಡಿದುಬಿಟ್ಟಿತ್ತು. ಕೀಳೋಕೆ ಮನಸ್ಸಾಗ್ಲಿಲ್ಲ. ಮಧ್ಯಾಹ್ನ ನೆರಳು ಕೊಡತ್ತೆ.”

ನೀರು ಕುದಿಯಿತು. ನಾನು ಸಕ್ಕರೆ ಹುಡುಕುವ ನೆಪದಲ್ಲಿ ಇನ್ನೂ ಒಳಗೇ ಇದ್ದೆ.

“ಲೈಲ್‌ನ ಹೆಣ ತಗೊಂಡು ಹೋಗ್ಬೇಕಾದ್ರೆ ನೀನು ತೋಟದ ಬೇಲಿ ಹತ್ರ ನಿಂತಿದ್ದೆ,” ಎಂದಳು ಎನಿಡ್. “ಟೋಪಿ ತೆಗೆದು ಎದೆಗೆ ಹಿಡ್ಕೊಂಡು.”

“ಯಾರು ಹೇಳಿದ್ದು?”

“ಹಿಂದಿನ ಕಾರಲ್ಲಿ ನಾನೇ ಇದ್ನಲ್ಲೋ.”

ನಾನು ಚಹಾ ತಂದಾಗ ಡೆನ್ಜಿಲ್ ಎರಡು ಕೈಯಿಂದ ಮುಖ ಉಜ್ಜಿಕೊಳ್ಳುತ್ತಿದ್ದ. ಎನಿಡ್ ನನ್ನ ಕಡೆ ನೋಡಿ ಅರ್ಧ ಬಾಯಿಯಲ್ಲಿ ನಕ್ಕಳು. “ಹಾಳಾದ ಟ್ರ್ಯಾಕ್ಟರು. ಮನೆ ಬಿಟ್ಟು ಹೊರಟ ದಿನ ಏನೇನೋ ಹೇಳೋಣ ಅಂತ ಬೇಲಿವರೆಗೂ ಹೋಗಿದ್ದೆ ಕಣಮ್ಮ. ಆ ಸದ್ದಿನಲ್ಲಿ ಏನು ಹೇಳೋದು?” ಡೆನ್ಜಿಲ್ ತಲೆಯೆತ್ತಲಿಲ್ಲ. ಗುದ್ದಲಿ ಗಾಡಿಯಲ್ಲೇ ಉಳಿಯಿತು.

ಆ ವರ್ಷದ ಹೂವನ್ನು ಬೀಜ ಸಮೇತ ನಾನೇ ತೆಗೆದುಕೊಂಡೆ. ಕಪ್ಪುಬಿಯರಿಗೆ ಹಾಕಿದೆ, ಹುರಿದ ಬಾರ್ಲಿಯ ಕಹಿಯಲ್ಲಿ ಜಿಡ್ಡು ಅಷ್ಟಾಗಿ ಗೊತ್ತಾಗಲಿಲ್ಲ. ಕೊಯ್ಲು ಮುಗಿದ ಮೇಲೆ ಡೆನ್ಜಿಲ್ ಭಾನುವಾರ ಭಾನುವಾರ ಸೇತುವೆ ದಾಟತೊಡಗಿದ. ಕ್ಷೌರ ಮಾಡಿಕೊಂಡು, ನ್ಯೂ ನಾರ್ಫಾಕ್ ಪಟ್ಟಣದ ಬೇಕರಿಯಿಂದ ಕಡಲಚಿಪ್ಪಿನ ಮಾಂಸ ತುಂಬಿದ ಸ್ಕಾಲಪ್ ಪೈ ಕಟ್ಟಿಸಿಕೊಂಡು ಹೋಗುವನು. ಅವಳಿಗೆ ಸೌದೆ ಒಡೆದುಕೊಡುವನು, ನಲ್ಲಿ ಸರಿಮಾಡುವನು. ಆಮೇಲೆ ಇಬ್ಬರೂ ಜಗುಲಿಯಲ್ಲಿ ಕೂರುವರು. ಏನು ಮಾತಾಡುತ್ತೀರಿ ಎಂದು ಒಮ್ಮೆ ಕೇಳಿದೆ. “ಏನಿಲ್ಲ. ಅವಳಿಗೆ ಮಾತು ಕಷ್ಟ,” ಎಂದ. ಸ್ವಲ್ಪ ತಡೆದು, “ನನಗೂನೂ,” ಎಂದ.

ಜುಲೈ ತಿಂಗಳ ಚಳಿಯಲ್ಲಿ ನಾನು ಅವನ ಮನೆಗೆ ಹೋದಾಗ ಹಿತ್ತಿಲ ಬಾಗಿಲ ಬಳಿ ಅವನು ಹಲಗೆ ಕೊಯ್ಯುತ್ತಿದ್ದ. ಮೂರು ಮೆಟ್ಟಿಲುಗಳ ಮೇಲೆ ಇಳಿಜಾರು ಹಾಸುತ್ತಿದ್ದ, ಗಾಲಿಕುರ್ಚಿ ಹೋಗುವಷ್ಟು ಅಗಲಕ್ಕೆ. ಪಕ್ಕದಲ್ಲಿ ಹಿಡಿದುಕೊಳ್ಳಲು ಕಟಕಟೆ, ಎಡಗೈಗೆ ಸಿಗುವ ಕಡೆ. ಒಳಗೆ ಎನಿಡ್‌ಳ ಹಳೆಯ ಕೋಣೆಯ ಕಿಟಕಿಗೆ ಹೊಸ ಬಣ್ಣ. ಅಡುಗೆಮನೆ ಮೇಜು ಖಾಲಿಯಾಗಿತ್ತು. ಹುರಿಯ ಉಂಡೆಗಳೆಲ್ಲ ಕೊಟ್ಟಿಗೆಗೆ ಹೋಗಿದ್ದವು.

“ಎನಿಡ್ ಇಲ್ಲಿಗೆ ಬರ್ತೀನಿ ಅಂದ್ರಾ?”

“ಇನ್ನೂ ಕೇಳಿಲ್ಲ. ಮುಗೀಲಿ.”

“ಕೇಳಿ ಆಮೇಲೆ ಮಾಡ್ಬೋದಿತ್ತಲ್ಲ.”

“ಕೇಳಿದ್ಮೇಲೆ ಹೂಂ ಅಂದುಬಿಟ್ರೆ? ಅವಳನ್ನ ಹೊರಗೆ ನಿಲ್ಸಿ ಹಲಗೆ ಹೊಡೀಲಾ?”

ಅದು ಮುಗಿಯಿತು. ಚೆನ್ನಾಗಿಯೇ ಮಾಡಿದ್ದ, ಮಳೆಗೆ ಜಾರದಂತೆ ಮೇಲೆ ಕೋಳಿಗೂಡಿನ ತಂತಿಬಲೆ ಹೊಡೆದು. ಕೇಳಲು ಮಾತ್ರ ಅವನಿಗೆ ಭಾನುವಾರಗಳು ಒದಗಲಿಲ್ಲ. ಒಂದು ವಾರ ಅವಳಿಗೆ ನೆಗಡಿ, ಒಂದು ವಾರ ಪಕ್ಕದ ಮನೆಯವರು ಬಂದಿದ್ದರು, ಇನ್ನೊಂದು ವಾರ ಅವಳು ಕೂತಲ್ಲೇ ನಿದ್ದೆಹೋದಳು. ಆಗಸ್ಟ್ ಕೊನೆಯಲ್ಲಿ ಲೈಲ್‌ನ ಮೊದಲ ಹೆಂಡತಿಯ ಮಗಳು ಕೆರಿನ್ ಉತ್ತರದ ಬರ್ನಿ ಊರಿನಿಂದ ಬಂದಳು. ಒಳ್ಳೆಯ ಹೆಂಗಸು. ಮಲತಾಯಿಯೆಂದು ಎಂದೂ ಬೇರೆ ಮಾಡಿದವಳಲ್ಲ. ಈ ಮನೆಯಲ್ಲಿ ಒಂಟಿಯಾಗಿ ಇನ್ನೊಂದು ಚಳಿಗಾಲ ಬೇಡ, ನಮ್ಮಲ್ಲಿ ಮಕ್ಕಳು ಮರಿ ಇದ್ದಾರೆ, ಆಸ್ಪತ್ರೆ ಎದುರಿಗೇ ಇದೆ, ನಡಿ ಎಂದಳು. ಎನಿಡ್ ಹೂಂ ಎಂದಳು.

ಹೊರಡುವ ಹಿಂದಿನ ಭಾನುವಾರ ನಾನೂ ಅಲ್ಲಿದ್ದೆ. ಕೆರಿನ್ ಪೆಟ್ಟಿಗೆ ಕಟ್ಟುತ್ತಿದ್ದಳು. ಎನಿಡ್ ಅಣ್ಣನ ಕಡೆ ತಿರುಗಿ, “ಹೋಗ್ಲಾ, ಡೆನ್?” ಎಂದಳು. ಅದು ಹೇಳಿಹೋಗುವವರ ಮಾತಾಗಿರಲಿಲ್ಲ. ಪ್ರಶ್ನೆಯಾಗಿತ್ತು. ನನಗೆ ಹಾಗೆ ಅನ್ನಿಸಿತು. ನಾನು ಡೆನ್ಜಿಲ್‌ನನ್ನೇ ನೋಡಿದೆ.

ಅವನು ಜಗುಲಿಯ ಹಲಗೆ ನೋಡುತ್ತ, “ಅಲ್ಲಿ ಚಳಿ ಕಮ್ಮಿ ಅಂತೆ. ಸಮುದ್ರ ಇದೆಯಲ್ಲ,” ಎಂದ.

“ಹೌದಂತೆ,” ಎಂದಳು ಅವಳು.

ವಾಪಸು ಬರುವಾಗ ಗಾಡಿಯಲ್ಲಿ ನನಗೆ ತಡೆಯಲಾಗಲಿಲ್ಲ. “ಯಾಕೆ ಹೇಳ್ಲಿಲ್ಲ? ಅಷ್ಟೆಲ್ಲ ಹಲಗೆ ಹೊಡೆದು ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?”

“ಅಲ್ಲಿ ಮಕ್ಕಳಿದಾರೆ. ನಮ್ಮನೇಲಿ ಏನಿದೆ? ನಾನಿದೀನಿ.” ಸೇತುವೆ ದಾಟಿದ ಮೇಲೆ ಮತ್ತೆ ಹೇಳಿದ: “ದಿನಾ ಬೆಳಿಗ್ಗೆಯಿಂದ ಸಂಜೆವರೆಗೂ ನಾನು ಬಳ್ಳಿ ಜೊತೆ. ಅವಳು ಕಿಟಕಿ ಜೊತೆ. ಅದೇನು ಬದುಕಾ ನೆರಿಡಾ?” ಅವನು ಹೇಳಿದ್ದರಲ್ಲಿ ನ್ಯಾಯವಿತ್ತು. ಆದರೂ ಅವಳನ್ನೇ ಕೇಳಬಹುದಿತ್ತು ಎಂದು ಈಗಲೂ ನನಗನ್ನಿಸುತ್ತದೆ.

ಲೈಲ್‌ನ ಮನೆ ಮಾರಾಟವಾಯಿತು. ಮೆಲ್ಬರ್ನಿನಿಂದ ಬಂದ ಗಂಡ ಹೆಂಡತಿ ಕೊಂಡರು. ಜಗುಲಿ ದೊಡ್ಡದು ಮಾಡಿಸುವಾಗ ಬಳ್ಳಿಯನ್ನು ಬುಡಸಮೇತ ತೆಗೆಸಿದರು. ಯಾವ ಬಳ್ಳಿ ಎಂದು ಅವರಿಗೆ ಗೊತ್ತೂ ಇರಲಿಲ್ಲ. ಡೆನ್ಜಿಲ್‌ಗೆ ಇದನ್ನು ನಾನೇ ಹೋಗಿ ಹೇಳಿದೆ. ಈಗ ಅವನಿಗೆ ಎಲ್ಲವನ್ನೂ ಹೇಳುವುದೆಂದು ನಾವು ತೀರ್ಮಾನ ಮಾಡಿಕೊಂಡಿದ್ದೆವು. “ಒಳ್ಳೇದಾಯ್ತು,” ಎಂದ. ಕೆಲಸ ಮುಂದುವರಿಸಿದ.

ಒಂದು ಸಲ ಬಸ್ಸಿನಲ್ಲಿ ಬರ್ನಿಗೆ ಹೋಗಿಬಂದ. ಅಲ್ಲಿ ಸಮುದ್ರದ ಎದುರು ಬೆಂಚಿನ ಮೇಲೆ ಕೂತು ಇಬ್ಬರೂ ಐಸ್‌ಕ್ರೀಮು ತಿಂದರಂತೆ. ಎನಿಡ್ ಒಣಗೂಡಿನ ಬಿಸಿ ಎಷ್ಟಕ್ಕೆ ಇಡುತ್ತೀಯೆಂದು ಕೇಳಿ, ಅವನು ಹೇಳಿದ್ದನ್ನು ಕೇಳಿ ಬೈದಳಂತೆ. ಇದನ್ನು ಹೇಳುವಾಗ ಅವನ ಮುಖ ಅರಳಿತ್ತು. ದಾರಿ ದೂರ, ಸೊಂಟ ನೋವು, ಮತ್ತೆ ಹೋಗಲಾಗಲಿಲ್ಲ. ಅವಳಿಗೂ ಈಚೆಗೆ ಹೊರಗೆ ಹೋಗಲು ಆಗುವುದಿಲ್ಲ.

ಭಾನುವಾರ ಅವನು ಫೋನು ಮಾಡುತ್ತಾನೆ. ಹೋದ ತಿಂಗಳು ಮೂಟೆ ತರಲೆಂದು ಅಂಥ ಒಂದು ಭಾನುವಾರವೇ ಅವನ ಮನೆಗೆ ಹೋದೆ. ಅಡುಗೆಮನೆ ಬಾಗಿಲು ತೆರೆದಿತ್ತು. ಫೋನು ಮೇಜಿನ ಮೇಲಿತ್ತು, ಅದರ ಮುಂದೆ ಚಹಾ ಲೋಟ ಹಿಡಿದು ಡೆನ್ಜಿಲ್ ಕೂತಿದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ಕೈಯೆತ್ತಿ ಸುಮ್ಮನಿರು ಎಂದ. ಫೋನಿನೊಳಗಿಂದ ತಟ್ಟೆಗಳ ಸದ್ದು, ಟೀವಿಯ ಸದ್ದು, ಎರಡು ಮಕ್ಕಳು ಯಾವುದಕ್ಕೋ ಕಿತ್ತಾಡುವ ಸದ್ದು ಬರುತ್ತಿತ್ತು. “ಯಾರೇ ಇದು, ಬಾಗಿಲಲ್ಲಿ ಚಪ್ಪಲಿ ಬಿಟ್ಟಿರೋದು?” ಎಂದು ಕೆರಿನ್ ಎಲ್ಲೋ ದೂರದಲ್ಲಿ ಕೂಗುತ್ತಿದ್ದಳು.

“ಮಾತು ಮುಗೀತು,” ಎಂದು ಅವನು ಪಿಸುಗುಟ್ಟಿದ. “ಅವಳಿಗೆ ಎಡಗೈಲಿ ಫೋನು ಕಟ್ ಮಾಡೋ ಗುಂಡಿ ಒತ್ತೋಕೆ ಬರಲ್ಲ. ನಾನೂ ಒತ್ತಲ್ಲ.”

ನಾನು ಇನ್ನೊಂದು ಕುರ್ಚಿಯಲ್ಲಿ ಕೂತೆ. ಅಲ್ಲಿ ಯಾರೋ ನಕ್ಕರು. ಪಾತ್ರೆಯ ಮುಚ್ಚಳ ಬಿತ್ತು. ಡೆನ್ಜಿಲ್ ಫೋನಿನ ಕಡೆ ಸ್ವಲ್ಪ ಬಾಗಿ ಕೇಳುತ್ತಿದ್ದ. “ಊಟಕ್ಕೆ ಕೂತ್ರು,” ಎಂದ ಸಣ್ಣಗೆ. ಎನಿಡ್‌ಳ ದನಿ ಒಮ್ಮೆ ಕೇಳಿಸಿತು, ಉಪ್ಪು ಕೇಳಿದಳೋ ಏನೋ. ಬಹಳ ಹೊತ್ತಿನ ಮೇಲೆ ಹತ್ತಿರದಲ್ಲೇ, “ಅಯ್ಯೋ, ಇದಿನ್ನೂ ಆನ್ ಇದೆಯಲ್ಲ,” ಎಂಬ ಕೆರಿನ್‌ಳ ಮಾತು ಕೇಳಿತು, ಫೋನು ಕಟ್ಟಾಯಿತು.

ಡೆನ್ಜಿಲ್ ತಣ್ಣಗಾದ ಚಹಾವನ್ನು ತೊಟ್ಟಿಗೆ ಸುರಿದು, ಲೋಟ ತೊಳೆದು ಬೋರಲಿಟ್ಟ. “ನಡಿ,” ಎಂದ ಕೋಟು ಹಾಕಿಕೊಳ್ಳುತ್ತ, “ಎಷ್ಟು ಮೂಟೆ ಬೇಕು ನಿನಗೆ?”